ಒಣಗಿದ ಕಿಲೋಮೀಟರ್

ಮಾರ್ಚ್ 3, ಸೋಮವಾರ

ಮೊದಲಿಗೆ ಕ್ಷಮಿಸಿ. ಯಾರನ್ನು ಕೇಳುತ್ತಿದ್ದೇನೋ ಗೊತ್ತಿಲ್ಲ, ಆದರೂ ಸಾರಿ. ನನಗೆ ಬರೆಯಲು ಬರುವುದಿಲ್ಲ, ಬರೆಯಲೇಬೇಕಾದಂಥ ದೊಡ್ಡ ಸಂಗತಿಯೂ ನನ್ನ ಬಳಿ ಇಲ್ಲ. ಆರನೇ ವಯಸ್ಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳು ನಾನು. ಅಲ್ಲಿ ಪ್ರತಿ ಭಾನುವಾರ ವಾರ್ಡನ್ ನಮ್ಮ ದಿನಚರಿ ಓದಿ ಸಹಿ ಹಾಕುತ್ತಿದ್ದರು. ಹಾಗಾಗಿ ಹನ್ನೆರಡು ವರ್ಷ ನಾನು ಬರೆದದ್ದು ಒಂದೇ: ಬೇಗ ಎದ್ದೆ, ಚೆನ್ನಾಗಿ ಓದಿದೆ, ಎಲ್ಲರೊಂದಿಗೆ ಹೊಂದಿಕೊಂಡೆ. ಈ ಪುಸ್ತಕವನ್ನು ಯಾರೂ ಓದುವುದಿಲ್ಲ ಎಂದು ನನಗೆ ನಾನೇ ಮಾತು ಕೊಟ್ಟುಕೊಂಡಿದ್ದೇನೆ. ಆದರೂ ಅಕ್ಷರ ದುಂಡಗೆ ಬರುತ್ತಿದೆ. ಅಭ್ಯಾಸಬಲ.

ಬರೆಯಲು ಕಾರಣ ಟೆನ್ಷನ್. ಟೆನ್ಷನ್‌ಗೆ ಕಾರಣ ಅಸೈನ್‌ಮೆಂಟ್. ನಕ್ಷೆ ಓದುವುದನ್ನು ಕಲಿಸುವ ನಮ್ಮ ಪ್ರೊಫೆಸರರಿಗೆ ಕ್ಲಾಸಿನಲ್ಲಿ ನಕ್ಷೆ ಮೇಷ್ಟ್ರು ಎಂದೇ ಹೆಸರು. ಅವರು ಇಂದು ಹನ್ನೆರಡು ಜನಕ್ಕೂ ಒಂದೊಂದು ಚೌಕ ಹಂಚಿದರು. ನೂರು ವರ್ಷ ಹಳೆಯ ಟೋಪೋಶೀಟು, ಅಂದರೆ ಮನೆ ಬಾವಿಗಳನ್ನೂ ತೋರಿಸುವ ಸರ್ವೆ ನಕ್ಷೆ, ಆಮೇಲೆ ಮೀಟರ್ ಲೆಕ್ಕದಲ್ಲಿ ಮರುಮುದ್ರಿಸಿದ್ದು, ಅದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಚದರ ಕಿಲೋಮೀಟರ್. ಅಲ್ಲಿಗೆ ಹೋಗಬೇಕು, ನಡೆಯಬೇಕು, ನಕ್ಷೆಯಲ್ಲಿ ಆಗ ಇದ್ದು ಈಗ ಇಲ್ಲದ್ದನ್ನೆಲ್ಲ ಪಟ್ಟಿ ಮಾಡಬೇಕು. ಅಷ್ಟೇ ಆಗಿದ್ದರೆ ಹೇಗೋ ಬದುಕುತ್ತಿದ್ದೆ.

"ಇಲ್ಲವಾದ ಪ್ರತಿಯೊಂದಕ್ಕೂ ಒಬ್ಬ ಸಾಕ್ಷಿ ಬೇಕು," ಎಂದರು. "ಅಲ್ಲೇ ಬದುಕಿರೋ ಮನುಷ್ಯ. ಕೂತು ಮಾತಾಡಿ, ಅವರು ಹೇಳಿದ್ದನ್ನ ಹೇಳಿದ ಹಾಗೇ ಬರ್ಕೊಂಡು ಬನ್ನಿ. ವೈವಾದಲ್ಲಿ ನಾನು ನಕ್ಷೆ ಕೇಳಲ್ಲ, ಸಾಕ್ಷಿ ಕೇಳ್ತೀನಿ."

ಕೂತು ಮಾತಾಡುವುದು. ಅದೂ ಮನೆಮಾತಿನಲ್ಲಿ. ನನ್ನ ಮನೆಮಾತು ಅರ್ಧ ಇಂಗ್ಲಿಷ್, ಉಳಿದರ್ಧ ಅಪ್ಪನಿಗೆ ಫೋನಿನಲ್ಲಿ ಹೇಳುವ "ಊಟ ಆಯ್ತು, ಚೆನ್ನಾಗಿದೀನಿ." ಹಾಲಿನ ಅಂಗಡಿಯಲ್ಲಿ ಏನು ಕೇಳಬೇಕೆಂಬುದನ್ನೂ ಮೆಟ್ಟಿಲಿಳಿಯುವಾಗ ರಿಹರ್ಸಲ್ ಮಾಡುವವಳು ನಾನು.

ಮಾರ್ಚ್ 4, ಮಂಗಳವಾರ

ಮೂಲ ಹಾಳೆಯನ್ನು ನಕ್ಷೆ ಕೋಣೆಯಿಂದ ಹೊರಗೆ ಒಯ್ಯುವಂತಿಲ್ಲ. ಅಲ್ಲಿನ ಮೇಲ್ವಿಚಾರಕಿ ಅದನ್ನು ಸ್ಕ್ಯಾನ್ ಮಾಡಿ ಕೊಡುತ್ತಾರೆ, ಪ್ರಿಂಟ್ ನಾವೇ ತೆಗೆಸಿಕೊಳ್ಳಬೇಕು. ಆಕೆ ಯಾವಾಗಲೂ ಕಂಕುಳಲ್ಲಿ ಸುತ್ತಿದ ನಕ್ಷೆ ಇಟ್ಟುಕೊಂಡೇ ಓಡಾಡುವುದರಿಂದ ಸೀನಿಯರ್‌ಗಳು ಸುರುಳಿ ಆಂಟಿ ಎನ್ನುತ್ತಾರೆ. ಎದುರಿಗೆ ಯಾರೂ ಅನ್ನುವುದಿಲ್ಲ.

ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದೆ. ಅಂಚಿನಲ್ಲಿ ಏನೇನೋ ಪಟ್ಟಿ, ಸಂಖ್ಯೆ, ಕಚೇರಿಯ ಮೊಹರು. ಫೈಲಿನೊಳಗೆ ಕೂರುತ್ತಿರಲಿಲ್ಲ, ಕತ್ತರಿಸಿಬಿಟ್ಟೆ. ಈಗ ನೀಟಾಗಿದೆ.

ನನ್ನ ಚೌಕದಲ್ಲಿ ಒಂದು ಹೊಳೆ, ಅದಕ್ಕೊಂದು ಕಲ್ಲಿನ ಸೇತುವೆ, ನೇರವಾದ ರಸ್ತೆ, ಏಳು ಮನೆ, ಸುಣ್ಣದ ಗೂಡು, ಸುಂಕದ ಕಟ್ಟೆ, ಒಂದು ಕಾಲುದಾರಿ. ರಸ್ತೆಯ ಎಡಕ್ಕೆ ಸಣ್ಣ ನೀಲಿ ವೃತ್ತ, ಅಂದರೆ ಬಾವಿ. ಸಾಸಿವೆ ಕಾಳಿನಷ್ಟಿದೆ. ಇಷ್ಟು ಸಣ್ಣದನ್ನು ಇಷ್ಟು ದುಂಡಗೆ ಯಾರು ಬರೆದರೋ.

ಮಾರ್ಚ್ 6, ಗುರುವಾರ

ಹೋಗಿದ್ದೆ. ಬಸ್ಸಿನಲ್ಲಿ ಐವತ್ತು ನಿಮಿಷ. ಸೇತುವೆ ಇದೆ. ಏಳು ಮನೆ ಈಗ ನಲವತ್ತಾಗಿವೆ. ಒಂದು ಮನೆಯ ಮುಂದೆ ಹೆಂಗಸೊಬ್ಬರು ಬಟ್ಟೆ ಒಣಹಾಕುತ್ತಿದ್ದರು. "ನಮಸ್ಕಾರ, ನಾನು ಸ್ಟೂಡೆಂಟ್," ಎಂದು ಮನಸ್ಸಿನಲ್ಲಿ ನಾಲ್ಕು ಸಲ ಹೇಳಿಕೊಂಡೆ. ಐದನೇ ಸಲಕ್ಕೆ ಅವರು ಒಳಗೆ ಹೋದರು.

ಇಂದಿನ ಸಾಕ್ಷಿ: ಒಂದು ನಾಯಿ. ಹೇಳಿಕೆ ನೀಡಲು ನಿರಾಕರಿಸಿತು.

ಮಾರ್ಚ್ 8, ಶನಿವಾರ

ಇಂದು ಸಾಕ್ಷಿಯೇ ನನ್ನನ್ನು ಹಿಡಿದುಕೊಂಡರು. ಸೇತುವೆಯ ಕಟ್ಟೆಯ ಮೇಲೆ ನಕ್ಷೆ ಹರಡಿಕೊಂಡು ಓದುವವಳ ಹಾಗೆ ನಟಿಸುತ್ತಿದ್ದೆ. ಹಿಂದಿನಿಂದ ದನಿ ಬಂತು.

"ಏನು ಮಗಳೇ, ದಾರಿ ತಪ್ಪಿತಾ?"

"ಇಲ್ಲ ತಾತ, ಆಕ್ಚುಯಲಿ ನಾನು... ಪ್ರಾಜೆಕ್ಟ್..."

"ಅದನ್ನ ತಲೆಕೆಳಗಾಗಿ ಹರಡ್ಕೊಂಡಿದೀಯ, ಅದಕ್ಕೆ ಕೇಳ್ದೆ."

ಮೂವತ್ತೊಂದು ವರ್ಷ ಈ ರಸ್ತೆಯಲ್ಲಿ ಅಂಚೆ ಹಂಚಿದವರಂತೆ. ನಿವೃತ್ತರಾಗಿ ಹದಿನೈದು ವರ್ಷವಾಯಿತು, ಇನ್ನೂ ಬೆಳಗ್ಗೆ ಹತ್ತಕ್ಕೆ ಕಾಲು ತಾನಾಗಿಯೇ ಹೊರಡುತ್ತದಂತೆ. ಅವರನ್ನು ಪ್ರಶ್ನೆ ಕೇಳಬೇಕಾಗಿಯೇ ಬರಲಿಲ್ಲ. ಸುಣ್ಣದ ಗೂಡಿನ ಕಲ್ಲುಗಳು ಯಾರ ಯಾರ ಮನೆಯ ಗೋಡೆ ಸೇರಿವೆ ಎಂದು ಬೆರಳು ತೋರಿಸಿ ಹೇಳಿದರು. ಕಾಲುದಾರಿಯನ್ನು ಇಬ್ಬರು ಅಣ್ಣತಮ್ಮಂದಿರು ಎರಡು ಕಡೆಯಿಂದ ಬೇಲಿ ಸರಿಸಿ ಸರಿಸಿ ನುಂಗಿದರಂತೆ. ಸುಂಕದ ಕಟ್ಟೆ ಮಾತ್ರ ಎಡವಟ್ಟಾಯಿತು. ನನ್ನ ಅಳತೆಯ ಪ್ರಕಾರ ಅದು ದೊಡ್ಡ ಮೋರಿಗಿಂತ ಈಚೆಗಿರಬೇಕು. ತಾತ ಅರವತ್ತು ಹೆಜ್ಜೆ ಮುಂದೆ, ಮೋರಿಯ ಆಚೆಗೆ ನಡೆದು ನಿಂತರು.

"ಇಲ್ಲೇ. ನಮ್ಮಪ್ಪ ಇಲ್ಲಿ ಕೂತು ಬೀಡಿ ಸೇದ್ತಿದ್ದ."

ವಯಸ್ಸಾಯಿತು, ಪಾಪ. ಬರೆದುಕೊಂಡೆ, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ.

"ಬಾವಿ, ತಾತ?"

"ಇತ್ತು ಅಂತ ನಮ್ಮಮ್ಮ ಹೇಳ್ತಿದ್ಲು. ನಾನು ಹುಟ್ಟೋಕೆ ಮುಂಚೇನೇ ಚಪ್ಪಡಿ ಎಳೆದು ಮುಚ್ಚಿದ್ರಂತೆ. ಯಾರೋ ಮಗು ಬಿದ್ದಿತ್ತು ಅಂತ ಸುದ್ದಿ. ಎಲ್ಲಿ ಅಂತ ಕೇಳಿದ್ರೆ ಮಾತ್ರ ಕೈ ಬೀಸೋಳು. ಈ ಕಡೆ ಎಲ್ಲೋ, ಸ್ಕೂಲ್ ಬಯಲಲ್ಲಿ."

ಶಾಲೆ ಕಟ್ಟಿ ಅರವತ್ತು ವರ್ಷವಾಗಿದೆ. ನಕ್ಷೆ ಅದಕ್ಕಿಂತ ಹಳೆಯದು.

ಮಾರ್ಚ್ 10, ಸೋಮವಾರ

ಇವತ್ತಿನ ಪುಟ ಉದ್ದವಾಗುತ್ತದೆ. ಯಾರಾದರೂ ಸಹಿ ಹಾಕುವವರು ಇದ್ದಿದ್ದರೆ ಚೆನ್ನಾಗಿತ್ತು ಎಂದು ಮೊದಲ ಸಲ ಅನ್ನಿಸಿತು.

ಡಿಪಾರ್ಟ್‌ಮೆಂಟಿನಿಂದ ಮೂವತ್ತು ಮೀಟರಿನ ಟೇಪ್ ಇಸಿದುಕೊಂಡು ಹೋದೆ. ಸೇತುವೆಯಿಂದ ಬಾವಿಗೆ ನನ್ನ ಹಾಳೆಯಲ್ಲಿ ಆರು ಸೆಂಟಿಮೀಟರ್. ನೂರು ಮೀಟರಿಗೆ ಒಂದು ಸೆಂಟಿಮೀಟರ್ ಲೆಕ್ಕದ ಹಾಳೆ ಇದು, ಆದ್ದರಿಂದ ಆರುನೂರು ಮೀಟರ್, ಇಪ್ಪತ್ತು ಟೇಪ್. ಒಂದು ತುದಿ ತಾತ ಹಿಡಿದರು. "ಅಂಚೆ ಹಂಚಿ ಸವೆಸಿದ ರಸ್ತೇನ ಕೊನೆಗೆ ಅಳೀತಾನೂ ಇದೀನಿ," ಎಂದು ಪ್ರತಿ ಟೇಪಿಗೂ ಒಂದು ಸಲ ಹೇಳಿದರು.

ಇಪ್ಪತ್ತನೇ ಟೇಪ್ ಶಾಲೆಯ ಬಯಲಿನ ಪಕ್ಕಕ್ಕೆ ಬಂತು. ಎಡಕ್ಕೆ ತಿರುಗಿ ಇಪ್ಪತ್ತು ಮೀಟರ್ ಒಳಗೆ ಹೋದರೆ ನೆಲದ ಮೇಲೆ ಸುಣ್ಣದ ಗೆರೆ ಎಳೆದಿತ್ತು. ನಾನು ಗೂಟ ಊರಿದ ಜಾಗ ಆ ಗೆರೆಗಳ ನಡುಮಧ್ಯ.

ಮುಖ್ಯ ಶಿಕ್ಷಕಿ ಹೊರಗೆ ಬಂದರು. ದಪ್ಪ ಕನ್ನಡಕ, ಕೈಯಲ್ಲಿ ಅರ್ಧ ತಿದ್ದಿದ ಕಾಪಿಪುಸ್ತಕ.

"ಯಾರಮ್ಮ ನೀನು, ನಮ್ಮ ಕೋಣೆಯೊಳಗೆ ಗೂಟ ಹೊಡೀತಿರೋದು?"

"ಕೋಣೆ ಎಲ್ಲಿದೆ ಮೇಡಂ?"

"ಬರುತ್ತೆ. ಚಿಕ್ಕ ಮಕ್ಕಳ ಕೋಣೆ. ಮೂರು ನಾಲ್ಕು ವರ್ಷದವು. ಈಗ ವರಾಂಡದಲ್ಲಿ ಕೂರಿಸ್ತಾ ಇದೀವಿ."

ರಿಹರ್ಸಲ್ ಇಲ್ಲದೆಯೇ ಹೇಳಿದೆ. ಹಾಳೆ ತೋರಿಸಿದೆ, ನೀಲಿ ವೃತ್ತ ತೋರಿಸಿದೆ, ತಾತನ ಅಮ್ಮ ಹೇಳಿದ್ದನ್ನು ಹೇಳಿದೆ. ಅವರು ಕನ್ನಡಕ ಹಣೆಗೇರಿಸಿ ಹಾಳೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು. ಆಮೇಲೆ ಮೇಸ್ತ್ರಿಯನ್ನು ಕರೆಸಿದರು. ಅವನು ಬಂದು ಗೂಟದ ಬುಡಕ್ಕೆ ಹಾರೆ ಹಾಕಿದ. ಒಂದಡಿ ಹೋಗಿ ನಿಂತಿತು.

"ಗಟ್ಟಿ ನೆಲ. ಇಲ್ಲಿ ಬಾವೀನೂ ಇಲ್ಲ, ಬಕೆಟ್ಟೂ ಇಲ್ಲ."

"ಮಣ್ಣು ತುಂಬಿಸಿ ಗಟ್ಟಿಯಾಗಿರಬಹುದು," ಎಂದೆ. ನಾನೇ ಅಂದದ್ದು.

ಮುಖ್ಯ ಶಿಕ್ಷಕಿ ಮೇಸ್ತ್ರಿಯ ಕಡೆ ತಿರುಗಿದರು. "ನಕ್ಷೇಲಿ ಇದೆ ಅಂದ್ಮೇಲೆ ಯಾಕೆ ತಂಟೆ. ಮಕ್ಕಳು ಕೂರೋ ಜಾಗ. ನಲವತ್ತು ಮೀಟರ್ ಆಚೆ ಸರಿಸಿಬಿಡಿ, ಬಯಲೇನು ಸಣ್ಣದಾ."

ಮೇಸ್ತ್ರಿ ಗೊಣಗಿದ. ಇನ್ನೊಂದು ಕೆಲಸ ಮುಗಿಸಿ ಇಪ್ಪತ್ತನೇ ತಾರೀಖು ಪಾಯ ತೆಗೆಯುತ್ತೇನೆ, ಅಷ್ಟರಲ್ಲಿ ಇನ್ಯಾರೂ ಇನ್ಯಾವ ನಕ್ಷೇನೂ ತರದಿದ್ದರೆ ಪುಣ್ಯ ಎಂದ. ಆದರೂ ಸುಣ್ಣದ ಬುಟ್ಟಿ ತಂದು, ಹಳೆಯ ಗೆರೆಯನ್ನು ಕಾಲಿನಿಂದ ಅಳಿಸಿ, ರಸ್ತೆಯುದ್ದಕ್ಕೆ ಸೇತುವೆಯಿಂದ ಇನ್ನೂ ನಲವತ್ತು ಮೀಟರ್ ಆಚೆ ಹೊಸ ಗೆರೆ ಎಳೆದ.

ನನ್ನ ಒಂದು ಮಾತಿಗೆ ಕಟ್ಟಡವೊಂದು ಸರಿಯಿತು. ಬಸ್ಸಿನಲ್ಲಿ ಕಿಟಕಿಯ ಗಾಜಿನಲ್ಲಿ ನನ್ನನ್ನು ನಾನೇ ನೋಡಿಕೊಂಡು ನಕ್ಕೆ.

ಮಾರ್ಚ್ 12, ಬುಧವಾರ

ರಿಪೋರ್ಟಿನ ಡ್ರಾಫ್ಟ್ ಮುಗಿಯಿತು. ಸುಂಕದ ಕಟ್ಟೆ ಸೇರಿ ಎರಡು ಮೂರು ಕಡೆ ನಕ್ಷೆಗೂ ನೆಲಕ್ಕೂ ಹೊಂದುತ್ತಿಲ್ಲ. ಕೊನೆಯ ಪ್ಯಾರಾದಲ್ಲಿ ಹೀಗೆ ಬರೆದೆ: "ಅಂದಿನ ಸರ್ವೆಯವರು ಕೆಲವೆಡೆ ಅಜಾಗರೂಕರಾಗಿದ್ದಂತೆ ತೋರುತ್ತದೆ." ಈ ವಾಕ್ಯ ನನಗೆ ಬಹಳ ಹಿಡಿಸಿದೆ. ಮೂರು ಸಲ ಓದಿಕೊಂಡೆ.

ಅಪ್ಪನಿಗೆ ಫೋನ್ ಮಾಡಿ ಕೋಣೆಯ ಕಥೆ ಹೇಳಿದೆ. "ಹೌದಾ," ಎಂದರು. ಆಮೇಲೆ, "ಊಟ ಆಯ್ತಾ," ಎಂದರು.

ಮಾರ್ಚ್ 17, ಸೋಮವಾರ

ಇವತ್ತು ಅಕ್ಷರ ದುಂಡಗಿಲ್ಲ.

ಡ್ರಾಫ್ಟಿಗೆ ಹಾಳೆಯ ಸಂಖ್ಯೆ ಬೇಕಿತ್ತು. ಅದು ನಾನು ಕತ್ತರಿಸಿದ ಅಂಚಿನಲ್ಲಿತ್ತಲ್ಲ, ಹಾಗಾಗಿ ನಕ್ಷೆ ಕೋಣೆಗೆ ಹೋದೆ. ಸುರುಳಿ ಆಂಟಿ ನನ್ನ ಡ್ರಾಫ್ಟನ್ನು ಸುಮ್ಮನೆ ತಿರುವಿ ಕೊನೆಯ ಪುಟದಲ್ಲಿ ನಿಂತರು.

"ಹಳೇ ಸರ್ವೆಯವರಿಗೆ ಬೈದಿದೀಯ."

"ಬೈದಿಲ್ಲ ಮೇಡಂ, ಅಬ್ಸರ್ವೇಷನ್ ಅಷ್ಟೇ."

"ಸರಪಳಿ ಹೊತ್ಕೊಂಡು ಬಿಸಿಲಲ್ಲಿ ನಡೆದವರು ಅವರು. ಅಬ್ಸರ್ವೇಷನ್ನಿಗೆ ಮುಂಚೆ ನಿನ್ನ ಕಾಪಿ ಕೊಡು ನೋಡೋಣ."

ಮೇಜಿನ ಮೇಲೆ ಹಾಸಿ ಉಕ್ಕಿನ ಸ್ಕೇಲನ್ನು ಚೌಕದ ಅಂಚಿಗಿಟ್ಟರು. "ಒಂದು ಕಿಲೋಮೀಟರಿನ ಚೌಕ ಎಷ್ಟಿರಬೇಕು?"

"ಹತ್ತು ಸೆಂಟಿಮೀಟರ್."

"ನೀನೇ ಓದು."

ಒಂಬತ್ತು ಪಾಯಿಂಟ್ ನಾಲ್ಕು.

"ನಿನ್ನ ಕಿಲೋಮೀಟರ್ ಒಣಗಿಹೋಗಿದೆ ಕಂದ. ಜೆರಾಕ್ಸಿನವನು ಪೇಪರಿನಲ್ಲಿ ಕೂರಲಿ ಅಂತ ಚಿಕ್ಕದು ಮಾಡಿದಾನೆ. ಅಂಚು ಎಲ್ಲಿ? ಅಳತೆಪಟ್ಟಿ ಅಲ್ಲೇ ಇತ್ತಲ್ಲ, ಅದೂ ಜೊತೆಗೇ ಒಣಗಿರ್ತಿತ್ತು, ಅದರಿಂದ ಅಳೆದಿದ್ರೆ ಸರಿಹೋಗ್ತಿತ್ತು."

"ಕತ್ತರಿಸಿದೆ."

"ಹೋಗಲಿ ಬಿಡು, ಡ್ರಾಫ್ಟ್ ತಾನೆ. ತಿದ್ದಿದ್ರಾಯ್ತು."

ಮೂಲ ಹಾಳೆ ತೆಗೆದುಕೊಟ್ಟರು. ಸೇತುವೆಯಿಂದ ನೀಲಿ ವೃತ್ತಕ್ಕೆ ಸ್ಕೇಲ್ ಇಟ್ಟೆ. ಆರು ಪಾಯಿಂಟ್ ನಾಲ್ಕು. ಮತ್ತೆ ಇಟ್ಟೆ. ಅದೇ.

ಆರುನೂರಲ್ಲ, ಆರುನೂರ ನಲವತ್ತು ಮೀಟರ್. ನಾನು ಬಾವಿ ಇಲ್ಲದ ಜಾಗದಿಂದ ಕೋಣೆಯನ್ನು ಎಬ್ಬಿಸಿ, ನಲವತ್ತು ಮೀಟರ್ ಆಚೆ, ಸರಿಯಾಗಿ ಬಾವಿಯ ನೆತ್ತಿಯ ಮೇಲೆ ಕೂರಿಸಿ ಬಂದಿದ್ದೇನೆ. ಸುಂಕದ ಕಟ್ಟೆಯ ವಿಷಯದಲ್ಲೂ ತಾತನದೇ ಸರಿ. ಅಜಾಗರೂಕರು ಯಾರು ಎಂದು ಈಗ ಗೊತ್ತಾಯಿತು.

ಸುರುಳಿ ಆಂಟಿಗೆ ಥ್ಯಾಂಕ್ಸ್ ಕೂಡ ಹೇಳದೆ ಹೊರಟುಬಂದೆ.

ಮಾರ್ಚ್ 18, ಮಂಗಳವಾರ, ಬೆಳಗ್ಗೆ

ಶಾಲೆಯ ನಂಬರ್ ಹುಡುಕಿ ಒತ್ತಿದೆ. ಎರಡು ರಿಂಗ್ ಆಯಿತು. ಕಟ್ ಮಾಡಿದೆ.

ಫೋನನ್ನು ದಿಂಬಿನ ಕೆಳಗೆ ತಳ್ಳಿದೆ.

ಮಾರ್ಚ್ 18, ಮಧ್ಯಾಹ್ನ

ಹಾಸ್ಟೆಲಿನ ಶಾಲೆಯಲ್ಲಿ ತಪ್ಪು ಮಾಡಿದವರು ಅದನ್ನು ಚೀಟಿಯಲ್ಲಿ ಬರೆದು ಬೆಳಗಿನ ಪ್ರಾರ್ಥನೆಯಲ್ಲಿ ಎಲ್ಲರೆದುರು ಓದಬೇಕಿತ್ತು. ನಾನು ಎರಡನೇ ಕ್ಲಾಸಿನಲ್ಲಿ ಒಮ್ಮೆ ಓದಿದ್ದೆ. "ನಾನು ನೀರಿನ ನಲ್ಲಿ ನಿಲ್ಲಿಸಲು ಮರೆತೆ." ಮುನ್ನೂರು ಜನ ನಕ್ಕಿದ್ದರು. ಅಂದಿನಿಂದ ಇಂದಿನವರೆಗೂ ಯಾವ ನಲ್ಲಿಯನ್ನೂ ಎರಡು ಸಲ ನೋಡದೆ ಬಿಟ್ಟಿಲ್ಲ.

ಸಮಾಧಾನ ಹೇಳಿಕೊಳ್ಳುತ್ತಿದ್ದೇನೆ: ಮುಚ್ಚಿದ್ದಾರಲ್ಲ, ಚಪ್ಪಡಿ ಇದೆಯಲ್ಲ. ಇಷ್ಟು ವರ್ಷ ಅದರ ಮೇಲೆ ಮಕ್ಕಳು ಓಡಾಡಿಲ್ಲವೇ. ಮೇಸ್ತ್ರಿಗೇ ಪಾಯ ತೆಗೆಯುವಾಗ ಸಿಗಬಹುದು. ಆದರೆ ಪಾಯ ತೆಗೆಯುವುದು ನಾಲ್ಕು ಗೋಡೆಗೆ ಮಾತ್ರ, ನಡುವಿನ ನೆಲಕ್ಕಲ್ಲ. ನಡುವೆ ಇದ್ದರೆ ಸಿಗುವುದೇ ಇಲ್ಲ. ಅದರ ಮೇಲೆ ನೆಲಹಾಸು, ಆಮೇಲೆ ಮೂವತ್ತು ಮಕ್ಕಳು.

ನನ್ನ ರೂಮ್‌ಮೇಟ್ ನರ್ಸಿಂಗ್ ಓದುತ್ತಾಳೆ. ಡ್ಯೂಟಿ ಇಲ್ಲದ ಹೊತ್ತೆಲ್ಲ ಮಲಗಿರುತ್ತಾಳೆ, ನಾನು ಅವಳನ್ನು ನಿದ್ದೆಬುರುಕಿ ಎನ್ನುತ್ತೇನೆ. ಇಂದು ಹೊದಿಕೆಯೊಳಗಿಂದಲೇ ಕೇಳಿದಳು.

"ಏನೇ ಅದು, ಬೆಳಗ್ಗೆಯಿಂದ ಪಂಜರದ ಇಲಿ ಥರ ಓಡಾಡ್ತಿದೀಯ."

ಹೇಳಿಬಿಟ್ಟೆ. ಎಲ್ಲವನ್ನೂ. ಹೊದಿಕೆಯಿಂದ ತಲೆ ಹೊರಗೆ ಬಂತು.

"ಪಾಯ ಯಾವಾಗ?"

"ನಾಡಿದ್ದು."

"ಹಾಗಾದ್ರೆ ನಾಳೆ ಬಸ್ಸು ಎಷ್ಟು ಹೊತ್ತಿಗೆ ಅಂತ ನೋಡು. ಇಲ್ಲಿ ಯಾಕೆ ಕಾಲು ಸವೆಸ್ತಿದೀಯ."

"ಬೈತಾರೆ ಕಣೇ."

"ಬೈತಾರೆ. ವಾರ್ಡಿನಲ್ಲಿ ನಂಗೆ ದಿನಾ ಬೈತಾರೆ. ಬೈಸ್ಕೊಂಡ್ಮೇಲೆ ಹಸಿವಾಗುತ್ತೆ, ಅಷ್ಟೇ." ಮಗ್ಗುಲು ತಿರುಗಿ ಮತ್ತೆ ಮಲಗಿದಳು.

ಬಸ್ಸು ಒಂಬತ್ತಕ್ಕೆ.

ಮಾರ್ಚ್ 19, ಬುಧವಾರ

ಬಸ್ಸಿನಲ್ಲಿ ಇಡೀ ದಾರಿ ವಾಕ್ಯ ಜೋಡಿಸಿಕೊಂಡೆ. "ಮೇಡಂ, ಒಂದು ಸಣ್ಣ ಕರೆಕ್ಷನ್." ಸಣ್ಣ ಎನ್ನುವುದನ್ನು ತೆಗೆದೆ. "ಮೇಡಂ, ಮುದ್ರಣದ ತಾಂತ್ರಿಕ ಕಾರಣದಿಂದ." ಅದನ್ನೂ ತೆಗೆದೆ. ಕೊನೆಗೆ ಏನೂ ಉಳಿಯಲಿಲ್ಲ.

ಸೇತುವೆ ದಾಟುವಾಗಲೇ ಕಿಟಕಿಯಿಂದ ಕಂಡಿತು. ಬಯಲಿನಲ್ಲಿ ಕೆಂಪು ಮಣ್ಣಿನ ಗುಡ್ಡೆ. ಮೇಸ್ತ್ರಿ ಒಂದು ದಿನ ಮುಂಚೆಯೇ ಶುರು ಮಾಡಿಬಿಟ್ಟಿದ್ದ. ಒಂದು ಬದಿಯ ಪಾಯ ಆಗಲೇ ಮೊಣಕಾಲಾಳ ಆಗಿತ್ತು. ಮಕ್ಕಳು ಸುಣ್ಣದ ಗೆರೆಯೊಳಗೆ ಕುಂಟಾಟ ಆಡುತ್ತಿದ್ದರು.

ಸ್ಟಾಪಿಗೆ ಮುಂಚೆಯೇ ಇಳಿಸಿ ಎಂದು ಕಂಡಕ್ಟರಿಗೆ ಹೇಳಿ ಇಳಿದು ಓಡಿದೆ.

"ನಿಲ್ಲಿಸಿ. ನಾನು ಹೇಳಿದ ಜಾಗ ತಪ್ಪು. ಬಾವಿ ಇಲ್ಲಿದೆ. ಮಕ್ಕಳನ್ನ ಈಚೆ ಕರೀರಿ."

ಮೇಸ್ತ್ರಿ ಗುದ್ದಲಿ ಊರಿ ಅದರ ಮೇಲೆ ಗಲ್ಲ ಇಟ್ಟ. "ಬಂದ್ರಪ್ಪ ಇಂಜಿನಿಯರಮ್ಮ. ಮತ್ತೆ ಸರಿಸ್ಬೇಕಾ? ಇದೇನು ಕೋಣೆನಾ, ಮಂಚನಾ? ಈ ಮೂಲೆಯಿಂದ ಆ ಮೂಲೆಗೆ ಎಳೆಯೋಕೆ?"

ಕೆಲಸದವರೆಲ್ಲ ನಕ್ಕರು. ಮುಖ್ಯ ಶಿಕ್ಷಕಿ ಅಷ್ಟರಲ್ಲಿ ಬಂದಿದ್ದರು. ನಾನು ಜೆರಾಕ್ಸ್, ಒಂಬತ್ತು ಪಾಯಿಂಟ್ ನಾಲ್ಕು, ಕತ್ತರಿಸಿದ ಅಂಚು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅರ್ಧ ಇಂಗ್ಲಿಷಿನಲ್ಲಿ ಹೇಳಿದೆನೋ ಏನೋ. ಅವರಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಮಕ್ಕಳನ್ನು ಮಾತ್ರ ತಕ್ಷಣ ಚಪ್ಪಾಳೆ ತಟ್ಟಿ ಒಳಗೆ ಕರೆದರು.

"ಈ ಸಲ ಖಂಡಿತವಾ?"

"ಮೂಲ ಹಾಳೆಯಲ್ಲೇ ಅಳೆದೆ ಮೇಡಂ. ಎರಡು ಸಲ. ಆದರೆ ಐದಾರು ಮೀಟರ್ ಆಚೀಚೆ ಇರಬಹುದು. ಅಷ್ಟು ದೊಡ್ಡ ನೆಲ ಇಷ್ಟು ಸಣ್ಣ ಕಾಗದಕ್ಕೆ ಇಳಿದಿದೆ."

ಆಚೀಚೆ ಇರಬಹುದು ಎಂದು ನನ್ನ ಬಾಯಿಂದ ಬಂದದ್ದು ಕೇಳಿ ನನಗೇ ಹೆದರಿಕೆಯಾಯಿತು. ಅವರು ಮಾತ್ರ ತಲೆಯಾಡಿಸಿದರು.

ತಾತನನ್ನು ಕರೆಸಲು ಹೋಗಬೇಕಾಗಲಿಲ್ಲ, ಗಂಟೆ ಹತ್ತಾಗಿತ್ತು. ಮತ್ತೆ ಸೇತುವೆಯಿಂದ ಟೇಪ್ ಹಿಡಿದೆವು. ಇಪ್ಪತ್ತೊಂದು ಟೇಪ್, ಮೇಲೆ ಹತ್ತು ಮೀಟರ್. ಎಡಕ್ಕೆ ತಿರುಗಿ ಒಳಗೆ ಹೋದೆವು. ಹೊಸ ಗೆರೆಯ ನಡುವೆಯೇ ಬಂದು ನಿಂತೆವು.

ಮೇಸ್ತ್ರಿ ಉದ್ದದ ಹಾರೆ ತಂದ. ಕುಕ್ಕಿದ. ಮಣ್ಣು. ಎರಡು ಹೆಜ್ಜೆ ಆಚೆ ಕುಕ್ಕಿದ. ಮಣ್ಣು. ಮೂರನೆಯದು, ನಾಲ್ಕನೆಯದು. ಪ್ರತಿ ಸಲವೂ ನನ್ನ ಕಡೆ ತಿರುಗಿ ನೋಡುತ್ತಿದ್ದ. ಬೈದಿದ್ದರೇ ವಾಸಿಯಿತ್ತು. ತಾತ ಮಣ್ಣಿನ ಗುಡ್ಡೆಯ ಮೇಲೆ ಕೂತು, "ಇನ್ನೊಂಚೂರು ಹಿಂದೆ ಹಾಕು ನೋಡು, ನಮ್ಮಮ್ಮ ಹಿಂದೆ ಕೈ ಬೀಸೋಳು," ಎಂದರು.

"ನಿಮ್ಮಮ್ಮ ಎಲ್ಲಿ ನಿಂತ್ಕೊಂಡು ಬೀಸೋಳು, ಅದನ್ನ ಹೇಳಿ ಮೊದ್ಲು."

"ಒಲೆ ಮುಂದೆ ನಿಂತ್ಕೊಂಡು."

ಏಳನೇ ಸಲಕ್ಕೆ ಹಾರೆ ಠಣ್ ಎಂದಿತು.

ಮೇಸ್ತ್ರಿಯ ಮುಖ ಬದಲಾಯಿತು. ಮತ್ತೆ ಮೆಲ್ಲಗೆ ತಟ್ಟಿದ. ಕಲ್ಲಿನ ಸದ್ದೇ, ಆದರೆ ಕೆಳಗೆ ಏನೂ ಇಲ್ಲದ ಕಲ್ಲಿನ ಸದ್ದು. ಎರಡಡಿ ಮಣ್ಣು ಸರಿಸಿದಾಗ ಚಪ್ಪಡಿ ಕಂಡಿತು. ಒಂದಲ್ಲ, ಮೂರು, ಪಕ್ಕಪಕ್ಕ. ನಡುವಿನದು ಅಡ್ಡಕ್ಕೆ ಸೀಳಿತ್ತು. ಸೀಳಿನಲ್ಲಿ ಬೇರು ಇಳಿದಿತ್ತು.

"ಎಲ್ಲಾ ಹಿಂದಕ್ಕೆ ಸರೀರಿ," ಎಂದ ಮೇಸ್ತ್ರಿ. ಕೂಗಲಿಲ್ಲ, ಮೆತ್ತಗೆ ಅಂದ. ತಾನು ಹೊಟ್ಟೆಯ ಮೇಲೆ ಮಲಗಿ ಕೈ ಚಾಚಿ ಸೀಳಿನೊಳಗೆ ಒಂದು ಕಲ್ಲು ಬಿಟ್ಟ.

ನಾನು ಎಣಿಸಿದೆ. ಒಂದು. ಎರಡು. ಎರಡಕ್ಕೂ ಮೂರಕ್ಕೂ ನಡುವೆ ನೀರಿನ ಸದ್ದು ಬಂತು.

ಮೇಸ್ತ್ರಿ ಎದ್ದು ಅಂಗಿಯ ಮಣ್ಣು ಕೊಡವಿಕೊಂಡ. ತಾತ ಎದ್ದು ನಿಂತು ಟೋಪಿ ತೆಗೆದರು, ಮತ್ತೆ ಹಾಕಿಕೊಂಡರು. ನಾನು ನೆಲದ ಮೇಲೆ ಕೂತುಬಿಟ್ಟೆ. ಅಳು ಬಂತು. ಭಯದ ಅಳುವಲ್ಲ, ಗಂಟು ಬಿಚ್ಚಿದ ಹಾಗೆ, ಬಟ್ಟೆ ಹಿಂಡಿದ ಹಾಗೆ ಬರುತ್ತಲೇ ಇತ್ತು.

ಮುಖ್ಯ ಶಿಕ್ಷಕಿ ಪಕ್ಕಕ್ಕೆ ಬಂದರು. ಈಗ ಬರುತ್ತದೆ ಚೀಟಿ, ಎಲ್ಲರೆದುರು ಓದು ಎನ್ನುತ್ತಾರೆ ಎಂದುಕೊಂಡೆ.

"ಟೀ ಕುಡೀತೀಯಾ," ಎಂದರು, "ಇಲ್ಲ ಇನ್ನೂ ಏನಾದ್ರೂ ತಪ್ಪು ಹೇಳೋದು ಬಾಕಿ ಇದೆಯಾ?"

"ಇಲ್ಲ ಮೇಡಂ. ಸಕ್ಕರೆ ಜಾಸ್ತಿ."

ಕೋಣೆ ಮೊದಲಿನ ಜಾಗಕ್ಕೇ ಹೋಯಿತು. ನಾನು ತಪ್ಪು ಗೂಟ ಹೊಡೆದಿದ್ದ ಜಾಗ. ಹೇಗೂ ಅಲ್ಲಿ ಗಟ್ಟಿ ನೆಲ ಎಂದು ಮೇಸ್ತ್ರಿಯೇ ಅಂದೇ ಹೇಳಿದ್ದ. ಸಂಜೆಯವರೆಗೆ ಅದನ್ನೇ ಹತ್ತು ಜನಕ್ಕೆ ಹೇಳಿದ. "ನಾನು ಅವತ್ತೇ ಅಂದೆ, ಬಾವೀನೂ ಇಲ್ಲ ಬಕೆಟ್ಟೂ ಇಲ್ಲ ಅಂತ. ಕೇಳಿದ್ರಾ ಯಾರಾದ್ರೂ?" ನಾನು ಹೊರಡುವಾಗ ಮಾತ್ರ ಹತ್ತಿರ ಬಂದು, "ಅದನ್ನ ನೋಡದೆ ನೆಲ ಹಾಸಿಬಿಡ್ತಿದ್ದೆ ಮಗಳೇ," ಎಂದ.

ಬಾವಿಯ ಸುತ್ತ ಸದ್ಯಕ್ಕೆ ಹಗ್ಗ ಕಟ್ಟಿದ್ದಾರೆ. ಒಂದು ಡೆಸ್ಕನ್ನೂ ಅಡ್ಡ ಇಟ್ಟಿದ್ದಾರೆ.

ಮಾರ್ಚ್ 20, ಗುರುವಾರ

ಮಧ್ಯಾಹ್ನದವರೆಗೆ ಮಲಗಿದ್ದೆ. ನಿದ್ದೆಬುರುಕಿ ನನ್ನನ್ನು ಎಬ್ಬಿಸಿದಳು, ಇತಿಹಾಸದಲ್ಲೇ ಮೊದಲ ಸಲ. ಹಸಿವು. ಮೂರು ಮೊಟ್ಟೆ, ಆರು ಬ್ರೆಡ್ಡು.

ಮಾರ್ಚ್ 21, ಶುಕ್ರವಾರ

ವೈವಾ ಮುಗಿಯಿತು. ಪಾಸು. ಅದಕ್ಕಿಂತ ಮುಖ್ಯವಾದದ್ದು ಬೇರೆ ಇದೆ, ಅದನ್ನು ಮೊದಲು ಬರೆಯುತ್ತೇನೆ.

ನಕ್ಷೆ ಮೇಷ್ಟ್ರು ಕೇಳಿದರು, "ಬಾವಿಗೆ ಸಾಕ್ಷಿ ಯಾರು?"

"ಅಂಚೆ ತಾತನ ಅಮ್ಮ, ಅವರು ಈಗಿಲ್ಲ. ಮೇಸ್ತ್ರಿ, ಮುಖ್ಯ ಶಿಕ್ಷಕಿ, ನಾನು. ಆರುನೂರು ಮೀಟರಿನಲ್ಲಿ ಗಟ್ಟಿ ನೆಲ, ಆರುನೂರ ನಲವತ್ತರಲ್ಲಿ ಬಾವಿ. ಮೊದಲನೆಯದು ನನ್ನ ತಪ್ಪು ಸರ್. ಅದನ್ನೂ ರಿಪೋರ್ಟಿನಲ್ಲಿ ಬರೆದಿದ್ದೇನೆ, ಪುಟ ಒಂಬತ್ತು. ಸರ್ವೆಯವರ ಬಗ್ಗೆ ಒಂದು ವಾಕ್ಯ ಇತ್ತು, ಹೊಡೆದುಹಾಕಿದ್ದೇನೆ."

ಅವರು ಪುಟ ಒಂಬತ್ತನ್ನು ನಿಧಾನವಾಗಿ ಓದಿದರು. ಆಮೇಲೆ ಕೇಳಿದ್ದು ನಕ್ಷೆಯ ವಿಷಯವಲ್ಲ.

"ಪ್ರಿಂಟ್ ಎಲ್ಲಿ ತೆಗೆಸಿದ್ದು?"

"ಗೇಟಿನ ಎದುರಿನ ಅಂಗಡಿ ಸರ್."

"ಉಳಿದವರು?"

ನನಗೆ ಅದು ಹೊಳೆದೇ ಇರಲಿಲ್ಲ. ಅವರಿಗೂ ಆಗಲೇ ಹೊಳೆದದ್ದು ಎಂದು ಮುಖದಲ್ಲಿ ಕಾಣುತ್ತಿತ್ತು. ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. "ಇಪ್ಪತ್ತು ವರ್ಷದಿಂದ ಪಾಠ ಮಾಡ್ತಿದೀನಿ. ಅಳೆಯೋಕೆ ಮುಂಚೆ ಚೌಕ ಅಳೀರಿ ಅಂತ ಒಂದು ಮಾತು ಹೇಳಲಿಲ್ಲ. ನಾನೇ ಹೇಳ್ಬೇಕಿತ್ತು." ಆಮೇಲೆ, "ಸೋಮವಾರ ನೋಟೀಸ್ ಹಾಕ್ತೀನಿ," ಎಂದರು.

"ಸೋಮವಾರ ತಡ ಸರ್. ಯಾರಾದರೂ ಯಾರಿಗಾದರೂ ಜಾಗ ತೋರಿಸಿಬಂದಿದ್ದರೆ?"

ಮೇಷ್ಟ್ರಿಗೆ ಎದುರು ಮಾತಾಡಿದೆ ಎಂದು ಹೊರಗೆ ಬಂದ ಮೇಲೆ ನೆನಪಾಯಿತು. ಇರಲಿ, ಹಾಗಾದರೆ ನೀನೇ ಎಲ್ಲರಿಗೂ ತಿಳಿಸು ಎಂದು ಅವರು ಒಪ್ಪಿದರಲ್ಲ.

ನಕ್ಷೆ ಕೋಣೆಗೆ ಹೋಗಿ ಥ್ಯಾಂಕ್ಸ್ ಹೇಳಿಬಂದೆ. ಬಾಯಿ ತಪ್ಪಿ ಸುರುಳಿ ಆಂಟಿ ಎಂದೇ ಅಂದುಬಿಟ್ಟೆ. "ಹಾಗೇ ಕರೀರಿ, ಬೆನ್ನ ಹಿಂದೆ ಕರೆಯೋದಕ್ಕಿಂತ ವಾಸಿ," ಎಂದರು.

ಮಾರ್ಚ್ 22, ಶನಿವಾರ

ಕ್ಲಾಸಿನ ಗ್ರೂಪಿನಲ್ಲಿ ಹಾಕಿದರೆ ಎಲ್ಲರೂ ಹೆಬ್ಬೆರಳು ಎತ್ತಿ ಸುಮ್ಮನಾಗುತ್ತಾರೆ. ಆದ್ದರಿಂದ ಕೈಯಲ್ಲೇ ಹನ್ನೊಂದು ಚೀಟಿ ಬರೆದೆ. ಹುಡುಗರ ಹಾಸ್ಟೆಲಿನ ಆರು ಚೀಟಿಯನ್ನು ಅಲ್ಲಿನ ಗೇಟಿನವರ ಕೈಗೆ ಕೊಟ್ಟು, ಇಂದೇ ಮುಟ್ಟಿಸಬೇಕು ಎಂದು ಹೇಳಿಬಂದೆ. ಉಳಿದ ಐದನ್ನು ಹುಡುಗಿಯರ ಬಾಗಿಲು ಒಂದೊಂದೇ ತಟ್ಟಿ ಕೊಟ್ಟೆ. ಚೀಟಿಯ ನಕಲು ಇಲ್ಲಿರಲಿ:

"ನಿನ್ನ ಟೋಪೋಶೀಟಿನ ಪ್ರಿಂಟ್ ತೆಗೆದು ಒಂದು ಚೌಕಕ್ಕೆ ಸ್ಕೇಲ್ ಇಡು. ಹತ್ತು ಸೆಂಟಿಮೀಟರ್ ಇರಬೇಕು. ನನ್ನದು ಒಂಬತ್ತು ಪಾಯಿಂಟ್ ನಾಲ್ಕು ಇತ್ತು. ನಾನು ನೋಡಿಕೊಳ್ಳದೆ ಅಳೆದು, ಒಂದು ಶಾಲೆಯ ಕೋಣೆಯನ್ನು ಬಾವಿಯ ಮೇಲೆ ಕಟ್ಟಿಸುವುದರಲ್ಲಿದ್ದೆ. ಹೋಗಿ ಹೇಳಿದೆ, ಬಾವಿ ಸಿಕ್ಕಿತು, ಯಾರಿಗೂ ಏನೂ ಆಗಲಿಲ್ಲ. ನೀನು ಅಲ್ಲಿ ಯಾರಿಗಾದರೂ ಇಲ್ಲಿ ಅಗೆಯಿರಿ, ಇಲ್ಲಿ ಕಟ್ಟಿರಿ, ಇಲ್ಲಿ ಏನೂ ಇಲ್ಲ ಎಂದು ಹೇಳಿಬಂದಿದ್ದರೆ ನಾಳೆಯೇ ಹೋಗಬೇಕು. ಒಬ್ಬರೇ ಹೋಗಲು ಕಷ್ಟವಾದರೆ ನಾನು ಬರುತ್ತೇನೆ, ಟೇಪ್ ನನ್ನ ಹತ್ತಿರವೇ ಇದೆ. ಚೌಕ ಎಷ್ಟಿದೆ, ಯಾರಿಗೆ ಏನು ಹೇಳಿದ್ದೀಯ, ಎರಡನ್ನೂ ಬರೆದು ಕಳಿಸು. ದಯವಿಟ್ಟು ಬೇಗ ಉತ್ತರ ಕೊಡು."